ಮಿಷಿನ್ನು ಮೂಲೆ ಸೇರಬಾರದು



ನಮ್ಮ ಕೇರಿಗಳಲ್ಲಿ ಒಂದಲ್ಲ ಒಂದು ಮನೆಯ ಮೂಲೆಯಲ್ಲಿ ಹೊಲಿಗೆ ಮಿಷಿನ್ನು ಕಾಣುತ್ತದೆ. ಮೇಲೊಂದು ಹಳೇ ಸೀರೆ ಹೊದಿಸಿರುತ್ತಾರೆ. ಅದರ ಮೇಲೆ ಮಡಿಚಿಟ್ಟ ಕಂಬಳಿ, ಕಂಬಳಿ ಮೇಲೆ ಮಕ್ಕಳ ಪುಸ್ತಕ. ಯಾವುದೋ ಯೋಜನೆಯಲ್ಲಿ ಬಂದದ್ದು. ಕೊಡುವ ದಿನ ಶಾಮಿಯಾನ ಇತ್ತು, ಹಾರ ಇತ್ತು, ಫೋಟೋ ಇತ್ತು. ದಾರ ಪೋಣಿಸೋದು ಹೇಗೆ ಅಂತ ಹೇಳಿಕೊಡುವವರು ಮಾತ್ರ ಇರಲಿಲ್ಲ. ಜೊತೆಗೆ ಬಂದ ಪುಸ್ತಕ ಇಂಗ್ಲಿಷಿನಲ್ಲಿತ್ತು. ಎರಡು ದಿನ ತುಳಿದರು, ದಾರ ಕಿತ್ತುಕೊಂಡಿತು, ಸೂಜಿ ಮುರಿಯಿತು. ಮೂರನೇ ದಿನ ಮಿಷಿನ್ನು ಮೂಲೆ ಸೇರಿತು.

ಆಮೇಲೆ ಹಾರ ಹಾಕಿಸಿಕೊಂಡವರೇ ಹೇಳ್ತಾರೆ: 'ಇವರಿಗೆ ಏನು ಕೊಟ್ಟರೂ ಅಷ್ಟೇ ಬಿಡ್ರಿ.'

ಈ ಮಾತಿಗೆ ಉತ್ತರ ಕೊಡಬೇಕಾದವರು ನೀವು, ಹಾಸ್ಟೆಲಿನಲ್ಲಿ ಓದುತ್ತಿರುವವರು. ಭಾಷಣದಲ್ಲಲ್ಲ, ಸ್ಕ್ರೂ ಡ್ರೈವರು ಹಿಡಿದು.

ನೀವು ತಕ್ಷಣ ಕೇಳುತ್ತೀರಿ: ನಾವು ಬಂದಿರೋದು ಓದೋಕೆ, ಮತ್ತೆ ನಮ್ಮನ್ನು ಕಸುಬಿಗೆ ಯಾಕೆ ಅಟ್ಟುತ್ತೀರಿ? ಕೇಳಲೇಬೇಕಾದ ಪ್ರಶ್ನೆ. ಹುಟ್ಟಿಗೂ ಕೆಲಸಕ್ಕೂ ಗಂಟು ಹಾಕುವುದೇ ಜಾತಿಯ ಮೂಲ ಕಸುಬು. ಜಾತಿ ಅನ್ನೋದು ಕೆಲಸದ ಹಂಚಿಕೆಯಲ್ಲ, ಕೆಲಸಗಾರರನ್ನೇ ಮೇಲೆ ಕೆಳಗೆ ಎಂದು ಹರಿದು ಹಂಚುವುದು ಎಂದು ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲೇ ತೋರಿಸಿಕೊಟ್ಟಿದ್ದಾರೆ. 1953ರಲ್ಲಿ ಮದ್ರಾಸ್ ರಾಜ್ಯದಲ್ಲಿ ರಾಜಾಜಿ ಸರ್ಕಾರ ಅರ್ಧ ದಿನ ಶಾಲೆ, ಅರ್ಧ ದಿನ ಅಪ್ಪನ ಕಸುಬು ಎಂಬ ಯೋಜನೆ ತಂದಿತು. ಜನ ಎದ್ದು ನಿಂತರು, 1954ರಲ್ಲಿ ಅದು ರದ್ದಾಯಿತು. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಇದೆ. ಸಲಕರಣೆಗೆ 15,000 ರೂಪಾಯಿ, ತರಬೇತಿಯಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಶೇಕಡಾ 5ರ ಬಡ್ಡಿಗೆ ಸಾಲ. ಒಳ್ಳೆಯದೇ. ಆದರೆ ಅದರ ನಿಯಮದಲ್ಲಿ 'ಕುಟುಂಬ ಆಧಾರಿತ ಸಾಂಪ್ರದಾಯಿಕ ಕಸುಬು' ಎಂಬ ಮಾತಿದೆ, ಕನಿಷ್ಠ ವಯಸ್ಸು 18 ಎಂದಿದೆ. ಹದಿನೆಂಟು ಅಂದರೆ ಪಿಯುಸಿ ಮುಗಿಸಿದ ಹುಡುಗ ಡಿಗ್ರಿಗೆ ಹೋಗಬೇಕಾದ ವಯಸ್ಸು. ಕುಟುಂಬದ ಕಸುಬು ಎಂಬ ಷರತ್ತು ತೆಗೆಯಿರಿ, ವಯಸ್ಸು 35ಕ್ಕೆ ಏರಿಸಿ ಎಂದು ತಮಿಳುನಾಡು ಸರ್ಕಾರ ಕೇಳಿತು, ಹಾಗೆ ಮಾಡದೆ ಇದನ್ನು ಜಾರಿ ಮಾಡುವುದಿಲ್ಲ ಎಂದು 2024ರ ನವೆಂಬರ್‌ನಲ್ಲಿ ಬರೆಯಿತು. ಆ ಅನುಮಾನ ನಮ್ಮದೂ ಹೌದು.

ಹಾಗಂತ ಮಿಷಿನ್ನಿನ ಮೇಲೆ ಮುನಿಸಿಕೊಳ್ಳಬೇಕಾ? ಬೇಡ. ಓದು ಬಿಟ್ಟು ಹೊಲಿಗೆಗೆ ಹೋಗಿ ಅಂತ ನಾವು ಹೇಳುತ್ತಿಲ್ಲ. ಓದಿನ ಜೊತೆ ಮಿಷಿನ್ನಿನ ಗುಟ್ಟು ತಿಳಿದುಕೊಂಡು ಮನೆಯವರ ಕೈಗೆ ಕೊಡಿ ಅಂತ ಹೇಳುತ್ತಿದ್ದೇವೆ. ಇದು ಹೆಂಗಸರ ಕೆಲಸ ಅಂತ ಹುಡುಗರು ಮೂಗು ಮುರಿಯೋದೂ ಬೇಡ. ಪೇಟೆಯ ಟೈಲರ್ ಅಂಗಡಿಯಲ್ಲಿ ಕತ್ತರಿ ಹಿಡಿದವನು ಗಂಡಸಲ್ಲವೇ? ದುಡ್ಡು ಬಂದರೆ ಗಂಡಸರ ಕೆಲಸ, ಮನೆಯಲ್ಲಿ ಬಿಟ್ಟಿಯಾಗಿ ಮಾಡಿದರೆ ಹೆಂಗಸರ ಕೆಲಸ. ಈ ಲೆಕ್ಕವೂ ಜಾತಿ ಲೆಕ್ಕದ ತಮ್ಮನೇ.

ಯಂತ್ರದ ಬಗ್ಗೆ ದೊಡ್ಡವರೂ ಜಗಳಾಡಿದ್ದಾರೆ. 1924ರಲ್ಲಿ ಗಾಂಧೀಜಿ ಯಂತ್ರದ ಹುಚ್ಚನ್ನು ಬೈಯುತ್ತಲೇ ಸಿಂಗರ್ ಹೊಲಿಗೆ ಮಿಷಿನ್ನಿಗೆ ಮಾತ್ರ ವಿನಾಯಿತಿ ಕೊಟ್ಟರು. ಅಂಬೇಡ್ಕರ್ 1945ರ ಪುಸ್ತಕದಲ್ಲಿ ಬೇರೆ ದಾರಿ ಹಿಡಿದರು: ದುಡಿಯುವವನಿಗೆ ಬಿಡುವು ಸಿಗದೆ ಮನುಷ್ಯನಾಗಿ ಬದುಕಲು ಆಗುವುದಿಲ್ಲ, ಆ ಬಿಡುವನ್ನು ಕೊಡುವುದು ಯಂತ್ರ, ತಪ್ಪಿರುವುದು ಯಂತ್ರದಲ್ಲಲ್ಲ, ಅದರ ಲಾಭವನ್ನು ಕೆಲವರೇ ನುಂಗುವ ವ್ಯವಸ್ಥೆಯಲ್ಲಿ ಎಂದರು. ಹೊಲಿಗೆ ಮಿಷಿನ್ನಿನ ಕಥೆಯೂ ಇದನ್ನೇ ಹೇಳುತ್ತದೆ. ಫ್ರಾನ್ಸಿನ ತಿಮೊನಿಯೆ ಎಂಬ ದರ್ಜಿ 1830ರಲ್ಲಿ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದು ಪ್ಯಾರಿಸ್‌ನಲ್ಲಿ ಸೈನ್ಯದ ಬಟ್ಟೆ ಹೊಲಿಯಲು ಇಟ್ಟ. ಅನ್ನ ಹೋಗುತ್ತದೆ ಎಂದು ಹೆದರಿದ ದರ್ಜಿಗಳು ನುಗ್ಗಿ ಅವನ್ನೆಲ್ಲ ಒಡೆದು ಹಾಕಿದರು. ಅವರ ಹೆದರಿಕೆ ಸುಳ್ಳಲ್ಲ, ಮಿಷಿನ್ನು ಅವರದ್ದಾಗಿರಲಿಲ್ಲ. ಅದೇ ಮಿಷಿನ್ನು ನಿಮ್ಮ ಅವ್ವನ ಹೆಸರಿನಲ್ಲಿ, ನಿಮ್ಮ ಮನೆಯಲ್ಲಿ ಇದ್ದರೆ ಕಥೆಯೇ ಬೇರೆ.

ಈಗ ಕೆಲಸಕ್ಕೆ ಬರೋಣ. ಮೂಲೆ ಸೇರಿದ ಮಿಷಿನ್ನುಗಳಲ್ಲಿ ಬಹಳಷ್ಟು ಕೆಟ್ಟಿರುವುದಿಲ್ಲ, ಹೂಡುವುದು ತಪ್ಪಿರುತ್ತದೆ.

ಮೊದಲು ಜಾಗ. ನೆಲ ಸಮವಾಗಿರಲಿ, ಸ್ಟ್ಯಾಂಡ್ ಅಲುಗಾಡಿದರೆ ಕಾಲಿಗೆ ರಟ್ಟು ಕೊಡಿ. ಕಿಟಕಿಯ ಬೆಳಕು ಸೂಜಿಯ ಮೇಲೆ ಬೀಳಲಿ. ದಾರ ಹಾಕುವ ಮೊದಲು ಬರೀ ಕಾಲು ಪಳಗಿಸಿ. ಗೆರೆ ಎಳೆದ ನೋಟ್‌ಬುಕ್ ಹಾಳೆ ಇಟ್ಟು, ದಾರವಿಲ್ಲದೆ, ಗೆರೆ ಮೇಲೆ ತೂತು ಬೀಳುವ ಹಾಗೆ ತುಳಿಯಿರಿ. ಚಕ್ರ ಯಾವಾಗಲೂ ನಿಮ್ಮ ಕಡೆಗೇ ತಿರುಗಬೇಕು. ಹಿಂದಕ್ಕೆ ತಿರುಗಿದರೆ ದಾರ ಸಿಕ್ಕಿಕೊಂಡು ಕಿತ್ತುಹೋಗುತ್ತದೆ. ಹೊಸಬರ ಅರ್ಧ ಕಷ್ಟ ಇದೇ. ಕಾಗದ ಹೊಲಿದ ಸೂಜಿ ಮೊಂಡಾಗುತ್ತದೆ, ಆಮೇಲೆ ಅದನ್ನು ಬಟ್ಟೆಗೆ ಬಳಸಬೇಡಿ.

ಎರಡನೆಯದು ಸೂಜಿ. ಸೂಜಿಯ ಬುಡದಲ್ಲಿ ಒಂದು ಬದಿ ಚಪ್ಪಟೆ. ಮೈಮೇಲೆ ಒಂದು ಕಡೆ ಉದ್ದ ಗೀರು. ಗೀರು ಇರುವ ಕಡೆಯಿಂದಲೇ ದಾರ ಪೋಣಿಸಬೇಕು. ಕರೆಂಟಿನ ಜಿಗ್‌ಜಾಗ್ ಮಿಷಿನ್ನಿನಲ್ಲಿ ಚಪ್ಪಟೆ ಬದಿ ಹಿಂದಕ್ಕೆ, ದಾರ ಮುಂದಿನಿಂದ ಹಿಂದಕ್ಕೆ. ಸೂಜಿಯನ್ನು ಮೇಲೆ ತಾಗುವವರೆಗೂ ದೂಡಿ ಸ್ಕ್ರೂ ಬಿಗಿಯಿರಿ. ತೆಳು ಬಟ್ಟೆಗೆ 11ನೇ ನಂಬರು, ಯೂನಿಫಾರಂ ಬಟ್ಟೆಗೆ 14, ಜೀನ್ಸಿನಂಥ ದಪ್ಪ ಬಟ್ಟೆಗೆ 16. ಹೊಲಿಗೆ ನಡುನಡುವೆ ಬಿಟ್ಟು ಹೋಗುತ್ತಿದೆ ಅಂದರೆ ಸೂಜಿ ಬಾಗಿದೆ, ಮೊಂಡಾಗಿದೆ, ಇಲ್ಲವೇ ತಿರುಗುಮುರುಗಾಗಿ ಕೂತಿದೆ. ಮಿಷಿನ್ನನ್ನು ಬೈಯುವ ಮೊದಲು ಸೂಜಿ ಬದಲಾಯಿಸಿ.

ಮೂರನೆಯದು ದಾರ. ಮೇಲಿನ ದಾರ ಹಾಕುವಾಗ ಬಟ್ಟೆ ಒತ್ತುವ ಪಾದ ಎತ್ತಿರಬೇಕು. ಆಗ ಟೆನ್ಷನ್ ಬಿಲ್ಲೆಗಳು ತೆರೆದಿರುತ್ತವೆ, ದಾರ ಒಳಗೆ ಕೂರುತ್ತದೆ. ಪಾದ ಇಳಿಸಿ ದಾರ ಹಾಕಿದರೆ ಅದು ಬಿಲ್ಲೆಯ ಹೊರಗೇ ಉಳಿಯುತ್ತದೆ, ಬಟ್ಟೆಯ ಕೆಳಗೆ ಹಕ್ಕಿಗೂಡಿನಂತೆ ಗೋಜಲು ಕಟ್ಟುತ್ತದೆ. ಗೋಜಲು ಕೆಳಗೆ ಕಂಡಿತು ಅಂತ ಎಲ್ಲರೂ ಬಾಬಿನ್ ಕೇಸಿನ ಸ್ಕ್ರೂ ತಿರುಗಿಸಿ ಇದ್ದದ್ದನ್ನೂ ಕೆಡಿಸುತ್ತಾರೆ. ನೆನಪಿಡಿ, ಗೋಜಲು ಕೆಳಗಿದ್ದರೆ ಸಾಮಾನ್ಯವಾಗಿ ತಪ್ಪು ಮೇಲಿರುತ್ತದೆ. (ಇದು ಮಿಷಿನ್ನಿಗೆ ಮಾತ್ರ ಹೇಳಿದ ಮಾತಲ್ಲ!) ಕೆಳಗಿನ ದಾರ ಮೇಲೆ ಚುಕ್ಕಿಯಾಗಿ ಕಂಡರೆ ಮೇಲಿನ ಟೆನ್ಷನ್ ಬಿಗಿಯಾಗಿದೆ, ಸ್ವಲ್ಪ ಸಡಿಲಿಸಿ. ಬಾಬಿನ್ ಕೇಸನ್ನು ಅದರ ದಾರದಿಂದಲೇ ತೂಗಿಬಿಟ್ಟು ಮೆಲ್ಲಗೆ ಜಗ್ಗಿ. ತುಸು ಇಳಿದು ನಿಂತರೆ ಸರಿ. ಸರ್ರನೆ ಜಾರಿದರೆ ಸಡಿಲ, ಅಲುಗದಿದ್ದರೆ ಬಿಗಿ.

ನಾಲ್ಕನೆಯದು ಎಣ್ಣೆ. ಕೊಬ್ಬರಿ ಎಣ್ಣೆ, ಹರಳೆಣ್ಣೆ ಬಿಡಬೇಡಿ, ಅಂಟಾಗಿ ಹಿಡಿದುಕೊಳ್ಳುತ್ತವೆ. ಮಿಷಿನ್ ಎಣ್ಣೆ ಒಂದೊಂದು ತೂತಿಗೆ ಒಂದೊಂದು ಹನಿ ಸಾಕು. ಬಟ್ಟೆ ಮುಂದೆ ನೂಕುವ ಹಲ್ಲುಗಳ ಸಂದಿಯ ಧೂಳು, ನೂಲು ತೆಗೆಯಿರಿ. ಕರೆಂಟಿನ ಮಿಷಿನ್ನಾದರೆ ಮೊದಲು ಪ್ಲಗ್ ಕೀಳಿ, ಪುಸ್ತಕದಲ್ಲಿ ಹೇಳಿದ ಕಡೆ ಮಾತ್ರ ಎಣ್ಣೆ ಬಿಡಿ.

ಇನ್ನು ಕಸೂತಿ. ಮಿಷಿನ್ ಎಂಬ್ರಾಯಿಡರಿಗೆ ಬೇರೆ ದುಬಾರಿ ಮಿಷಿನ್ನೇ ಬೇಕು ಅಂತ ಮಾರುವವನು ಹೇಳ್ತಾನೆ. ಬೇಕಿಲ್ಲ. ಅದೇ ಕಪ್ಪು ಕಾಲು ಮಿಷಿನ್ನಿನಲ್ಲಿ ಪಾದ ಕಳಚಿ, ಹಲ್ಲುಗಳನ್ನು ಕೆಳಗಿಳಿಸಿ ಅಥವಾ ಅದರ ಮುಚ್ಚಳ ಹಾಕಿ. ಬಟ್ಟೆಯನ್ನು ರಿಂಗಿನಲ್ಲಿ ತಮಟೆಯ ಚರ್ಮದ ಹಾಗೆ ಬಿಗಿದು, ಬಟ್ಟೆ ಮಿಷಿನ್ನಿನ ಹಾಸಿಗೆ ಅಂಟುವಂತೆ ಇಡಿ. ಪಾದ ಇಲ್ಲದಿದ್ದರೂ ಅದರ ಹಿಡಿಯನ್ನು ಮಾತ್ರ ಇಳಿಸಲೇಬೇಕು, ಇಲ್ಲದಿದ್ದರೆ ಟೆನ್ಷನ್ ಹಿಡಿಯುವುದಿಲ್ಲ. ಕೆಳಗಿನ ದಾರ ಮೇಲೆ ಎಳೆದುಕೊಂಡು ಎರಡೂ ತುದಿ ಹಿಡಿದು ಶುರು ಮಾಡಿ. ಕಾಲು ಒಂದೇ ಸಮ ತುಳಿಯಬೇಕು, ಕೈ ರಿಂಗನ್ನು ಮೆಲ್ಲಗೆ ಆಡಿಸಬೇಕು. ಇಲ್ಲಿ ಸೂಜಿ ಪೆನ್ನು ಇದ್ದಂತೆ ನಿಂತಿರುತ್ತದೆ, ಕಾಗದ ಓಡುತ್ತದೆ. ಬೆರಳು ಸೂಜಿಯಿಂದ ದೂರ ಇರಲಿ. ಮೊದಲು ನಿಮ್ಮ ಹೆಸರು ಬರೆಯಿರಿ, ಆಮೇಲೆ ಹೂ, ಬಳ್ಳಿ.

ಕಂಪ್ಯೂಟರ್ ಎಂಬ್ರಾಯಿಡರಿ ಮಿಷಿನ್ನು ಚಿತ್ರವನ್ನು ತಾನೇ ಹೊಲಿಯುತ್ತದೆ ನಿಜ. ಬಟ್ಟೆ ಬಿಗಿಯೋದು, ಹಿಂದೆ ಗಟ್ಟಿ ಹಿಡಿಯುವ ಕಾಗದ ಕೊಡೋದು, ಒಂದೇ ಸೂಜಿಯದ್ದಾದರೆ ಪ್ರತಿ ಬಣ್ಣಕ್ಕೂ ದಾರ ಬದಲಾಯಿಸೋದು ನೀವೇ. ನಿಮಿಷಕ್ಕೆ 400 ಹೊಲಿಗೆ ಹಾಕುವ ಮಿಷಿನ್ನಿನಲ್ಲಿ 8,000 ಹೊಲಿಗೆಯ ಹೂವಿಗೆ 20 ನಿಮಿಷ, ಬಣ್ಣ ಬದಲಿಸುವ ಹೊತ್ತು ಬೇರೆ. ಕರೆಂಟು ಹೋದರೆ ನಿಲ್ಲುತ್ತದೆ, ಕೆಟ್ಟರೆ ಪೇಟೆಗೆ ಹೊರಬೇಕು. ಮೊದಲ ದಿನವೇ ಸಾಲ ಮಾಡಿ ಇದನ್ನು ತರಬೇಡಿ. ನೇರ ಹೊಲಿಗೆ, ಸೀರೆಗೆ ಫಾಲ್, ಜಿಗ್‌ಜಾಗ್, ಬ್ಲೌಸ್, ಹರಿದ ಪ್ಯಾಂಟು. ಊರಿನಲ್ಲಿ ದಿನಾ ಬರೋ ಕೆಲಸ ಇದು. ಇದರಿಂದ ದುಡ್ಡು ಬಂದ ಮೇಲೆ ಅದು.

ಕೊನೆಯದಾಗಿ ಲೆಕ್ಕ. ಓದಿದವರ ಕೆಲಸ ನಿಜವಾಗಿ ಶುರುವಾಗೋದು ಇಲ್ಲಿ. ಮನೆಯಲ್ಲಿ ಮಿಷಿನ್ನು ಇದೆ ಅಂತ ಗೊತ್ತಾದ ಕೂಡಲೆ ಅಂಗಡಿಯವನು ಕಟ್ಟುಗಟ್ಟಲೆ ಬಟ್ಟೆ ತಂದು ಹಾಕ್ತಾನೆ, ಪೀಸಿಗೆ ಇಷ್ಟು ಅಂತ ಅವನೇ ದರ ಹೇಳ್ತಾನೆ. ದಾರ ನಿಮ್ಮದು, ಸೂಜಿ ನಿಮ್ಮದು, ಕರೆಂಟು ನಿಮ್ಮದು, ಕಣ್ಣು ನಿಮ್ಮದು. ಒಂದು ನೋಟ್‌ಬುಕ್ ಇಡಿ. ಎಷ್ಟು ಪೀಸು, ಎಷ್ಟು ಗಂಟೆ, ದಾರಕ್ಕೆಷ್ಟು, ಕೈಗೆ ಉಳಿದದ್ದೆಷ್ಟು, ದಿನಾ ಬರೆಯಿರಿ. 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ ಇತ್ತು. ಎಂಟು ಗಂಟೆ ತುಳಿದು ಅಷ್ಟೂ ಉಳಿಯದಿದ್ದರೆ ಅದು ಸ್ವಂತ ಉದ್ಯೋಗವಲ್ಲ ಸ್ವಾಮಿ, ಮನೆಯೊಳಗೇ ಕೂರಿಸಿ ಮಾಡಿಸಿಕೊಳ್ಳುವ ಜೀತ. ಒಬ್ಬಳೇ ಹೋಗಿ ದರ ಕೇಳಿದರೆ ಅಂಗಡಿಯವನು ಬಟ್ಟೆಯನ್ನು ಪಕ್ಕದ ಮನೆಗೆ ಹಾಕ್ತಾನೆ. ಕೇರಿಯ ಹೊಲಿಗೆಯವರೆಲ್ಲ ಸೇರಿ ಒಂದೇ ದರ ಹೇಳಬೇಕು.

ಇದು ಆಗದ ಮಾತಲ್ಲ. 2016ರ ಏಪ್ರಿಲ್‌ನಲ್ಲಿ ಭವಿಷ್ಯ ನಿಧಿಯ ದುಡ್ಡು ತೆಗೆಯುವ ನಿಯಮವನ್ನು ಕೇಂದ್ರ ಸರ್ಕಾರ ಬಿಗಿ ಮಾಡಿದಾಗ ಬೆಂಗಳೂರಿನ ಗಾರ್ಮೆಂಟ್ಸ್ ಕೆಲಸಗಾರರು ಬೀದಿಗಿಳಿದರು. ಬಹುಪಾಲು ಹೆಣ್ಣುಮಕ್ಕಳು, ಮಿಷಿನ್ನು ತುಳಿಯುವವರು. ಎರಡೇ ದಿನದಲ್ಲಿ ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು. ಅವರು ಒಂದೇ ಛಾವಣಿ ಕೆಳಗೆ ಸಾಲಾಗಿ ಕೂತವರು, ಅದಕ್ಕೆ ಒಂದಾಗೋದು ಸುಲಭವಾಯಿತು. ಮನೆಮನೆಯಲ್ಲಿ ಒಂಟಿಯಾಗಿ ಕೂತು ಹೊಲಿಯುವ ಅಕ್ಕಂದಿರನ್ನು ಸೇರಿಸುವ ಛಾವಣಿ ಇನ್ನೂ ಕಟ್ಟಬೇಕಾಗಿದೆ.

ಅದಕ್ಕೆ ನಮ್ಮ ಬೇಡಿಕೆ ಇಷ್ಟು. ಮಿಷಿನ್ನು ಕೊಡುವವರು ಅದರ ಜೊತೆ ಕಡೇಪಕ್ಷ ಒಂದು ವಾರದ ಕಲಿಕೆ ಕೊಡಬೇಕು. ಕನ್ನಡದಲ್ಲಿ ಚಿತ್ರ ಸಮೇತ ಪುಸ್ತಕ ಕೊಡಬೇಕು. ಸೂಜಿ, ಬಾಬಿನ್, ಬೆಲ್ಟು, ಎಣ್ಣೆ ಕೊಡಬೇಕು, ಕೆಟ್ಟರೆ ರಿಪೇರಿಗೆ ಬರುವವರು ಹೋಬಳಿಗೊಬ್ಬರು ಇರಬೇಕು. ಯಾವ ಕಸುಬಿಗೂ ಅಪ್ಪನ ಕಸುಬು ಯಾವುದು ಅಂತ ಕೇಳಬಾರದು. ಪ್ರತಿ ಹಾಸ್ಟೆಲಿಗೂ, ಹುಡುಗರದ್ದಿರಲಿ ಹುಡುಗಿಯರದ್ದಿರಲಿ, ಒಂದು ಮಿಷಿನ್ನು ಇರಬೇಕು. ನಮ್ಮ ಹರಿದ ಅಂಗಿ ನಾವೇ ಹೊಲಿದುಕೊಳ್ಳೋಣ, ಭಾನುವಾರ ಒಂದು ಗಂಟೆ ಸಾಕು, ಓದಿಗೇನೂ ಕುಂದಿಲ್ಲ.

ಇದನ್ನು ಕೇಳುವುದಕ್ಕೆ ಅರ್ಜಿ ಬರೆಯಿರಿ, ಸಹಿ ಹಾಕಿಸಿ. ಅರ್ಜಿಗೆ ಉತ್ತರ ಬರುವವರೆಗೆ ಕಾಯಬೇಡಿ. ಇಂಗ್ಲಿಷ್ ಪುಸ್ತಕ ಓದಬಲ್ಲವರು ಇಬ್ಬರು ಕೂತು ಅದನ್ನು ನಮ್ಮ ಅವ್ವಂದಿರ ಮಾತಿನಲ್ಲಿ ಎರಡು ಹಾಳೆಗೆ ಇಳಿಸಿ. ದಾರ ಹೋಗುವ ದಾರಿಯ ಚಿತ್ರ ಬಿಡಿಸಿ. ಪ್ರತಿ ತಾಲ್ಲೂಕಿನ ಕೇರಿಗೂ ಒಂದೊಂದು ಪ್ರತಿ ತಲುಪಲಿ. ಕಲಿತದ್ದನ್ನು ಒಬ್ಬರು ಇನ್ನೊಬ್ಬರಿಗೆ ಹೇಳಿಕೊಟ್ಟರೆ ಯಾವ ಶಾಮಿಯಾನವೂ ಬೇಕಾಗಿಲ್ಲ.