ಇನ್ನೊಂದು ಕೋರ್ಸೋ, ಆರೈಕೆಯ ಕೆಲಸವೋ?

ಯುಗಾದಿಯ ಊಟ ಮುಗಿಸಿ ಎಲ್ಲರೂ ಹರಟುತ್ತಿದ್ದಾಗ ಗೆಳತಿಯೊಬ್ಬಳು ಮಗಳ ಕೈ ಹಿಡಿದು ತಂದು ನನ್ನ ಪಕ್ಕ ಕೂರಿಸಿದಳು. ‘ನೀನಾದ್ರೂ ಬುದ್ಧಿ ಹೇಳೇ. ಇಷ್ಟು ಓದಿ, ಮುದುಕರಿಗೆ ಸ್ನಾನ ಮಾಡಿಸೋ ಕೆಲಸಕ್ಕೆ ಹೋಗ್ತಾಳಂತೆ.’ ಹುಡುಗಿ ತಲೆ ಎತ್ತಲಿಲ್ಲ. ಈ ಜಗಳ ಅವರ ಮನೆಯಲ್ಲಿ ತಿಂಗಳಿಂದ ನಡೆದಿದೆ ಎಂದು ಅವಳ ಮುಖವೇ ಹೇಳುತ್ತಿತ್ತು.

ಹುಡುಗಿಗೆ ಫಿಜಿಷಿಯನ್ ಅಸಿಸ್ಟೆಂಟ್, ಅಂದರೆ ಪಿಎ, ಆಗುವ ಆಸೆ. ನಮ್ಮ ಕಡೆ ಪಿಎ ಎಂದರೆ ಮಂತ್ರಿಗಳ ಆಪ್ತ ಸಹಾಯಕ. ಅಮೆರಿಕದಲ್ಲಿ ಪಿಎ ಎಂದರೆ ರೋಗಿಯನ್ನು ಪರೀಕ್ಷಿಸಿ, ಕಾಯಿಲೆ ಗುರುತಿಸಿ, ಔಷಧಿ ಬರೆದುಕೊಡುವ ಅಧಿಕಾರ ಇರುವವರು. ಪದವಿಯ ಮೇಲೆ ಸುಮಾರು ಎರಡೂಕಾಲು ವರ್ಷದ ಸ್ನಾತಕೋತ್ತರ ಓದು. ಅದಕ್ಕೆ ಸೀಟು ಸಿಗಬೇಕಾದರೆ ಅಂಕವೂ ಬೇಕು, ರೋಗಿಗಳ ಜೊತೆ ಕೆಲಸ ಮಾಡಿದ ಗಂಟೆಗಳ ಲೆಕ್ಕವೂ ಬೇಕು. ಈ ಮೇ ತಿಂಗಳಲ್ಲಿ ಅವಳ ಜೀವಶಾಸ್ತ್ರದ ಪದವಿ ಮುಗಿಯುತ್ತದೆ. ಜಿಪಿಎ 3.5. ರೋಗಿಗಳ ಜೊತೆ ದುಡಿದದ್ದು 400 ಗಂಟೆ. ಇನ್ನೆರಡು ಕೋರ್ಸ್ ಮಾಡಿ ಅಂಕ ಏರಿಸಿಕೊಳ್ಳಲಿ ಎಂದು ತಾಯಿ. ಒಂದು ವರ್ಷ ನರ್ಸಿಂಗ್ ಹೋಮಿನಲ್ಲಿ ಸಹಾಯಕಿಯಾಗಿ ದುಡಿಯುತ್ತೇನೆ ಎಂದು ಮಗಳು. ಇಲ್ಲಿ ನರ್ಸಿಂಗ್ ಹೋಮ್ ಎಂದರೆ ನಮ್ಮೂರಿನ ಸಣ್ಣ ಖಾಸಗಿ ಆಸ್ಪತ್ರೆಯಲ್ಲ, ವೃದ್ಧರು ಕೊನೆಯ ವರ್ಷಗಳನ್ನು ಕಳೆಯುವ ಮನೆ.

ನಾನು ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. 120 ಕ್ರೆಡಿಟ್ ಮುಗಿದು 3.5 ಬಂದಿರುವವಳು ನಾಲ್ಕು ನಾಲ್ಕು ಕ್ರೆಡಿಟ್‌ನ ಎರಡು ಕೋರ್ಸ್ ಮಾಡಿ ಎರಡರಲ್ಲೂ ಎ ತಂದರೂ ಜಿಪಿಎ ಮುಟ್ಟುವುದು 3.53. ಒಂದು ಬೇಸಿಗೆಯ ಶ್ರಮ, ಸಾವಿರಾರು ಡಾಲರ್ ಶುಲ್ಕ, ಸಿಗುವುದು ಮೂರು ಪೈಸೆಯಷ್ಟು ಏರಿಕೆ. ಅದೇ ವಾರಕ್ಕೆ 40 ಗಂಟೆಯಂತೆ 50 ವಾರ ದುಡಿದರೆ 2,000 ಗಂಟೆ ಕೈಸೇರುತ್ತದೆ. 400 ಇದ್ದದ್ದು 2,400 ಆಗುತ್ತದೆ. ಕೆಲವು ಕಾಲೇಜುಗಳು 1,000 ಗಂಟೆಗಿಂತ ಕಡಿಮೆ ಇರುವವರ ಅರ್ಜಿಯನ್ನು ಪರಿಗಣಿಸುವುದೇ ಇಲ್ಲ. ಇವಳಿಗೆ ಕೊರತೆ ಇರುವುದು ಯಾವ ಕಡೆ ಎಂದು ಇನ್ನು ಹೇಳಬೇಕಾಗಿಲ್ಲ.

ಗೆಳತಿ ಲೆಕ್ಕ ಒಪ್ಪಿದಳು, ಮನಸ್ಸು ಒಪ್ಪಲಿಲ್ಲ. ‘ಗಂಟೆ ಬೇಕಂದ್ರೆ ಯಾವುದಾದ್ರೂ ಕ್ಲಿನಿಕ್ಕಿನಲ್ಲಿ ಕಂಪ್ಯೂಟರ್ ಮುಂದೆ ಕೂರಲಿ. ಆ ಬೆಡ್‌ಪ್ಯಾನ್ ಎತ್ತೋ ಕೆಲಸವೇ ಆಗ್ಬೇಕಾ?’ ಎಂದಳು. ಅಂಕದ ಮಾತಿನ ಹಿಂದೆ ಇದ್ದದ್ದು ಇದು. ಇನ್ನೊಬ್ಬರ ಮೈ ತೊಳೆಯುವ, ಮಲಮೂತ್ರ ಬಾಚುವ ಕೆಲಸ ನಮ್ಮಂಥವರದಲ್ಲ ಎಂಬ ಭಾವನೆಯನ್ನು ನಾವು ಊರಿನಿಂದ ಹೊರಡುವಾಗ ಗಂಟಿನಲ್ಲಿ ಕಟ್ಟಿಕೊಂಡೇ ಬಂದಿದ್ದೇವೆ. ಮಗಳು ಬಿಳಿ ಕೋಟು ತೊಡಬೇಕು, ಆದರೆ ರೋಗಿಯ ಹಾಸಿಗೆ ಬದಲಿಸಬಾರದು. ಇದು ನನಗೆ ಸರಿಕಾಣುವುದಿಲ್ಲ, ಗೆಳತಿಗೂ ಹಾಗೇ ಹೇಳಿದೆ.

ಪಿಎ ಕಾಲೇಜುಗಳ ಅರ್ಜಿಗಳನ್ನು ಒಟ್ಟಿಗೆ ಸ್ವೀಕರಿಸುವ ಕಾಸ್ಪಾ ವ್ಯವಸ್ಥೆ ಅನುಭವವನ್ನು ಬೇರೆ ಬೇರೆ ಖಾನೆಗಳಲ್ಲಿ ಕೇಳುತ್ತದೆ. ರೋಗಿಯನ್ನು ನೇರವಾಗಿ ನೋಡಿಕೊಂಡದ್ದು ಒಂದು ಖಾನೆ. ಆಸ್ಪತ್ರೆಯ ಕೌಂಟರಿನಲ್ಲಿ ಕೂತು ಹೆಸರು ಬರೆದುಕೊಂಡದ್ದು ಇನ್ನೊಂದು. ವೈದ್ಯರ ಹಿಂದೆ ನಿಂತು ನೋಡಿದ್ದು ಮತ್ತೊಂದು. ಹೆಚ್ಚು ತೂಕ ಮೊದಲನೆಯದಕ್ಕೆ. ಅದಕ್ಕೆ ಕಾರಣವೂ ಇದೆ. ನಡೆಯಲಾಗದ ಅಜ್ಜಿಯ ಮಗ್ಗುಲನ್ನು ಎರಡು ಗಂಟೆಗೊಮ್ಮೆ ಬದಲಿಸದಿದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ ಎಂಬುದನ್ನು ಪುಸ್ತಕ ಒಂದು ಸಾಲಿನಲ್ಲಿ ಹೇಳಿಬಿಡುತ್ತದೆ. ಆ ಹುಣ್ಣನ್ನು ತೊಳೆದ ಕೈ ಅದನ್ನು ಮರೆಯುವುದಿಲ್ಲ. ನಿನ್ನೆಯವರೆಗೆ ಹೆಸರು ಹಿಡಿದು ಕರೆಯುತ್ತಿದ್ದ ಮುದುಕಿ ಇವತ್ತು ಬೆಳಿಗ್ಗೆ ತಾನೆಲ್ಲಿದ್ದೇನೆಂದು ತಿಳಿಯದೆ ತಬ್ಬಿಬ್ಬಾದರೆ, ಅದರ ಹಿಂದೆ ಮೂತ್ರದ ಸೋಂಕು ಇರಬಹುದು. ಆ ಬದಲಾವಣೆ ಮೊದಲು ಕಣ್ಣಿಗೆ ಬೀಳುವುದು ದಿನವೂ ಅವರಿಗೆ ಸ್ನಾನ ಮಾಡಿಸುವವಳಿಗೆ. ಅವಳು ನಾಳೆ ಪಿಎ ಆಗಿ ಬಂದರೆ ಅಂಥ ರೋಗಿಯನ್ನು ನೋಡುವ ಕಣ್ಣೇ ಬೇರೆ.

ನಾನಿರುವ ಕ್ಯಾರಿಯಿಂದ ಡರಂ ಊರಿನ ಡ್ಯೂಕ್ ವಿಶ್ವವಿದ್ಯಾಲಯ ಅರ್ಧ ಗಂಟೆಯ ದಾರಿ. ಈ ವೃತ್ತಿ ಹುಟ್ಟಿದ್ದು ಅಲ್ಲೇ. 1965ರಲ್ಲಿ ಡಾ. ಯೂಜೀನ್ ಸ್ಟೆಡ್ ಮೊದಲ ತರಗತಿಗೆ ಸೇರಿಸಿಕೊಂಡ ನಾಲ್ವರೂ ನೌಕಾದಳದಲ್ಲಿ ವೈದ್ಯಕೀಯ ಸಹಾಯಕರಾಗಿ ದುಡಿದು ಬಂದವರು. ವೈದ್ಯರ ಕೊರತೆ ಇದ್ದ ಕಾಲದಲ್ಲಿ ಸ್ಟೆಡ್ ಅವರು ಹುಡುಕಿದ್ದು ರೋಗಿಯನ್ನು ಮುಟ್ಟಿ ಪಳಗಿದ ಕೈಗಳನ್ನು. 1967ರಲ್ಲಿ ಅವರಲ್ಲಿ ಮೂವರು ಓದು ಮುಗಿಸಿ ಹೊರಬಂದರು. ಅನುಭವ ಮೊದಲು, ಓದು ಆಮೇಲೆ ಎಂಬ ಕ್ರಮದಲ್ಲಿ ಬೆಳೆದ ವೃತ್ತಿ ಇದು. ಆ ಗಂಟೆಗಳನ್ನು ಅರ್ಜಿಯ ಒಂದು ಕಾಟಾಚಾರ ಎಂದುಕೊಂಡರೆ ವೃತ್ತಿಯನ್ನೇ ತಪ್ಪಾಗಿ ತಿಳಿದಂತೆ.

ಹಾಗೆಂದು ಎಲ್ಲರಿಗೂ ಕೆಲಸಕ್ಕೆ ಹೋಗಿ ಎಂದು ನಾನು ಹೇಳಲಾರೆ. ಆಂಬುಲೆನ್ಸ್‌ನಲ್ಲಿ 4,000 ಗಂಟೆ ದುಡಿದವನ ಜಿಪಿಎ 2.9 ಇದ್ದರೆ, ಅವನಿಗೆ ಇನ್ನೂ ಸಾವಿರ ಗಂಟೆ ಸೇರಿಸಿ ಪ್ರಯೋಜನವಿಲ್ಲ. ಬಹಳಷ್ಟು ಕಾಲೇಜುಗಳ ಬಾಗಿಲು 3.0ಕ್ಕೆ ಮುಚ್ಚುತ್ತದೆ. ಅವನು ತರಗತಿಗೇ ಮರಳಬೇಕು. 120 ಕ್ರೆಡಿಟ್ ಆಗಿರುವವನು ಇನ್ನು 30 ಕ್ರೆಡಿಟ್ ಓದಿ ಎಲ್ಲದರಲ್ಲೂ ಎ ತಂದರೆ 3.12ಕ್ಕೆ ಬರುತ್ತಾನೆ. ಒಂದು ಸಲ ಬಂದ ಕಡಿಮೆ ಅಂಕವನ್ನು ಮತ್ತೆ ಓದಿ ಅಳಿಸಲೂ ಆಗುವುದಿಲ್ಲ. ಕಾಸ್ಪಾ ಹಳೆಯದನ್ನೂ ಹೊಸದನ್ನೂ ಎರಡನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಆದ್ದರಿಂದ ಕಾಲೇಜಿನಲ್ಲಿರುವಾಗಲೇ ರಾತ್ರಿ ಪಾಳಿ ಮಾಡಿ, ನಿದ್ದೆಗೆಟ್ಟು ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಸಿ ತಂದುಕೊಳ್ಳಬೇಡಿ. ಗಂಟೆಯನ್ನು ಆಮೇಲೆ ಗಳಿಸಬಹುದು, ಆ ಸಿ ಕೊನೆಯವರೆಗೂ ಉಳಿಯುತ್ತದೆ.

ಅದೇ ಸಂಜೆ ಇನ್ನೊಬ್ಬಳೂ ಬಂದು ಕೇಳಿದಳು. ದಾವಣಗೆರೆಯಲ್ಲಿ ಬಿಡಿಎಸ್ ಓದಿ, ಮೂರು ವರ್ಷ ಹಲ್ಲಿನ ವೈದ್ಯೆಯಾಗಿದ್ದು, ಮದುವೆಯಾಗಿ ಎಚ್4 ವೀಸಾದಲ್ಲಿ ಬಂದವಳು. ‘ಅಕ್ಕಾ, ನಾನೂ ಕೆಲಸಕ್ಕೇ ಹೋಗ್ಬೇಕಾ?’ ಎಂದಳು. ಕೆಲಸದ ಪರವಾನಗಿ ಇನ್ನೂ ಬಂದಿಲ್ಲ, ಸಂಬಳದ ಕೆಲಸ ಮಾಡುವಂತಿಲ್ಲ, ಓದಲು ಅಡ್ಡಿಯಿಲ್ಲ. ಊರಿನ ಅಂಕಗಳು ಇಲ್ಲಿನ ಜಿಪಿಎಗೆ ಸೇರುವುದಿಲ್ಲವಾದ್ದರಿಂದ ಅವಳ ಅಂಕಪಟ್ಟಿ ಇಲ್ಲಿ ಖಾಲಿ ಹಲಗೆ. ಕೆಲವೇ ಕೋರ್ಸುಗಳ ಮೇಲೆ ಎಲ್ಲ ನಿಂತಿರುವಾಗ ಒಂದೊಂದಕ್ಕೂ ತೂಕ ಹೆಚ್ಚು. ಅವಳಿಗೆ ಕೋರ್ಸೇ ದಾರಿ ಎಂದೆ. ಊರಿನಲ್ಲಿ ರೋಗಿಗಳನ್ನು ನೋಡಿದ ಗಂಟೆಗಳನ್ನು ಯಾವ ಕಾಲೇಜು ಒಪ್ಪುತ್ತದೆ ಎಂದು ಪತ್ರ ಬರೆದು ಕೇಳುವಂತೆಯೂ ಹೇಳಿದೆ. ವೈದ್ಯಕೀಯ ಬಲ್ಲ ಕೈಗಳನ್ನು ವರ್ಷಗಟ್ಟಲೆ ಮನೆಯಲ್ಲಿ ಸುಮ್ಮನೆ ಕೂರಿಸುವ ಈ ವೀಸಾ ನಿಯಮ ಅನ್ಯಾಯದ್ದು. ಇದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ.

ನಿಮ್ಮ ಮನೆಯಲ್ಲೂ ಇಂಥ ಅರ್ಜಿ ತಯಾರಾಗುತ್ತಿದ್ದರೆ, ನಿಮ್ಮ ಮಕ್ಕಳು ಸೇರಬೇಕೆಂದಿರುವ ಕಾಲೇಜುಗಳ ಷರತ್ತುಗಳನ್ನು ಮೊದಲು ಒಂದೊಂದಾಗಿ ಓದಿ, ಅಂಕ ಕಡಿಮೆಯೋ ಗಂಟೆ ಕಡಿಮೆಯೋ ಎಂದು ಕಾಗದದ ಮೇಲೆ ಬರೆದು ನೋಡಿ. ಗಂಟೆ ಕಡಿಮೆ ಎಂದಾದರೆ, ನರ್ಸಿಂಗ್ ಹೋಮಿನ ಸಹಾಯಕರ ತರಬೇತಿ ಕೆಲವೇ ವಾರಗಳದು. ಅಮೆರಿಕದ ಕೇಂದ್ರ ಸರ್ಕಾರ ಕಡ್ಡಾಯ ಮಾಡಿರುವುದು ಕನಿಷ್ಠ 75 ಗಂಟೆ. ಮಗಳು ಅದಕ್ಕೆ ಹೆಸರು ಕೊಡಲು ಹೊರಟರೆ ದಯವಿಟ್ಟು ತಡೆಯಬೇಡಿ.