ಅಸ್ಸೀಸಿಗೆ ರೈಲು ಟಿಕೆಟ್



ನಲ್ಲಂಪಳ್ಳಿ ಕಡೆಯ ಒಂದು ಕುಟುಂಬದ ಮಗಳು ಇಟಲಿಯ ಅಸ್ಸೀಸಿಯಲ್ಲಿ ಕಾನ್ವೆಂಟ್ ಸೇರಿದ್ದಾಳೆ. ಅವಳ ಅಂತಿಮ ವ್ರತಸ್ವೀಕಾರಕ್ಕೆ ಅಪ್ಪ ಅಮ್ಮ ಹೊರಟಿದ್ದಾರೆ. ಮಾವಿನ ಫಸಲಿನ ಹಣ, ಮೇಲೊಂದಿಷ್ಟು ಸಾಲ. ವಿಮಾನದ ವಿಷಯ ಏಜೆಂಟರು ನೋಡಿಕೊಂಡರು. "ಅಲ್ಲಿನ ರೈಲಿಗೂ ಇಲ್ಲಿಂದಲೇ ಟಿಕೆಟ್ ತೆಗೀಬಹುದಂತೆ, ಹೌದಾ ಸ್ವಾಮೀ?" ಎಂದು ಕೇಳಿದರು. ಇನ್ನೂ ಕೆಲವರು ಕೇಳಿರುವ ಪ್ರಶ್ನೆಯಾದ್ದರಿಂದ ಉತ್ತರವನ್ನು ಇಲ್ಲೇ ಬರೆಯುತ್ತೇನೆ.

ತೆಗೆಯಬಹುದು. ಇಟಲಿಯ ಸರ್ಕಾರಿ ರೈಲು ಸಂಸ್ಥೆ ಟ್ರೆನಿತಾಲಿಯಾದ ವೆಬ್‌ಸೈಟ್ ಇಂಗ್ಲಿಷಿನಲ್ಲೂ ಇದೆ. ಆದರೆ ಊರಿನ ಹೆಸರು ಅವರ ಬಾಯಲ್ಲಿ ಬೇರೆ: ರೋಮ್ ಅಂದರೆ ರೋಮಾ, ಫ್ಲಾರೆನ್ಸ್ ಅಂದರೆ ಫಿರೆಂಜೆ, ನಮ್ಮ ಸಂತ ಅಂತೋನಿಯವರ ಪಾದುವಾ ಅಂದರೆ ಪಾದೋವಾ. ರೋಮಿನ ಮುಖ್ಯ ನಿಲ್ದಾಣ ರೋಮಾ ತೆರ್ಮಿನಿ.

ವೇಗದ ರೈಲುಗಳ ದರ ವಿಮಾನದ ದರದ ಹಾಗೆ. ತಿಂಗಳುಗಳ ಮುಂಚೆ ಕೊಂಡರೆ ಅಗ್ಗ, ಕಡೆಗಳಿಗೆಯಲ್ಲಿ ದುಬಾರಿ. ಅಗ್ಗ ಎಂದು ಆತುರಪಡಬೇಡಿ. ತೀರ ಕಡಿಮೆ ದರದ ಟಿಕೆಟನ್ನು ಬದಲಿಸಲಾಗದು, ಹಣವೂ ಹಿಂದಿರುಗದು. ವೀಸಾ ಕೈಗೆ ಬರುವ ಮುಂಚೆ ಅಂಥ ಟಿಕೆಟ್ ಕೊಳ್ಳುವುದು ಬಡವರ ಹಣದ ಜೂಜು. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚು ಲೆಕ್ಕ ಹಾಕಲಿ ಎಂದು ಸಂತ ಲೂಕರ ಶುಭಸಂದೇಶದಲ್ಲಿ ಸ್ವಾಮಿ ಹೇಳಿದ್ದು ಇದಕ್ಕೂ ಸಲ್ಲುತ್ತದೆ.

ರೋಮಿನಿಂದ ಅಸ್ಸೀಸಿಗೆ ಈ ಚಿಂತೆಯೇ ಬೇಡ. 'ರೆಜಿಯೊನಾಲೆ' ಎಂಬ ಸಾಧಾರಣ ರೈಲು ಇದೆ. ಸುಮಾರು ಎರಡು ಗಂಟೆಯ ಪ್ರಯಾಣ. ದರ ಎಂದು ಕೊಂಡರೂ ಒಂದೇ, ಸೀಟು ಕಾದಿರಿಸುವುದೂ ಇಲ್ಲ. ಆನ್‌ಲೈನಲ್ಲಿ ಕೊಂಡರೆ ಹತ್ತುವ ಮುಂಚೆ ಫೋನಿನಲ್ಲಿ 'ಚೆಕ್-ಇನ್' ಮಾಡಲೇಬೇಕು. ಅಲ್ಲಿ ಇಂಟರ್ನೆಟ್ ಇಲ್ಲದಿದ್ದರೆ ಪೇಚಾಟ. ಆದ್ದರಿಂದ ನಮ್ಮ ಹಿರಿಯರು ತೆರ್ಮಿನಿಯಲ್ಲೇ ಕಾಗದದ ಟಿಕೆಟ್ ಕೊಳ್ಳುವುದು ಲೇಸೆಂದು ನನ್ನ ಅಭಿಪ್ರಾಯ. ಹತ್ತುವ ಮುಂಚೆ ಅದನ್ನು ಪ್ಲಾಟ್‌ಫಾರಂ ಬಳಿಯ ಚಿಕ್ಕ ಯಂತ್ರಕ್ಕೆ ತೂರಿಸಿ ಮುದ್ರೆ ಹಾಕಿಸಿಕೊಳ್ಳಬೇಕು. ಹಣ ಕೊಟ್ಟು ಕೊಂಡ ಟಿಕೆಟೇ ಆದರೂ ಮುದ್ರೆ ಇಲ್ಲದಿದ್ದರೆ ದಂಡ. ಟಿಕೆಟ್ ಯಂತ್ರದ ಬಳಿ "ಸಹಾಯ ಮಾಡುತ್ತೇನೆ" ಎಂದು ಬರುವ ಅಪರಿಚಿತರನ್ನು ದೂರವಿಡಿ.

ಪಾದುವಾಕ್ಕೂ ಹೋಗುವುದಾದರೆ ವೇಗದ ರೈಲನ್ನು ವೀಸಾ ಬಂದ ಮೇಲೆ ಇಲ್ಲಿಂದಲೇ ಬುಕ್ ಮಾಡಿ. ಆಗ ಎರಡು ಕಡೆ ತೊಡಕು. ಒಂದು, ನಮ್ಮ ಇನಿಷಿಯಲ್. ಫಾರಂನಲ್ಲಿ ಹೆಸರು, ಮನೆತನದ ಹೆಸರು ಎಂದು ಎರಡು ಜಾಗ, ಎರಡನ್ನೂ ತುಂಬಬೇಕು. ಮತದಾರರ ಚೀಟಿಯಲ್ಲಿರುವಂತೆ ಬರೆಯದೆ ಪಾಸ್‌ಪೋರ್ಟಿನಲ್ಲಿರುವಂತೆಯೇ ಬರೆಯಿರಿ. ಇನ್ನೊಂದು, ಬ್ಯಾಂಕ್ ಕಾರ್ಡ್. ರಿಸರ್ವ್ ಬ್ಯಾಂಕಿನ 2020ರ ಆದೇಶದಂತೆ ಹೊಸ ಕಾರ್ಡುಗಳು ದೇಶದೊಳಗಿನ ಎಟಿಎಂ, ಅಂಗಡಿಗಳಿಗೆ ಮಾತ್ರ ತೆರೆದಿರುತ್ತವೆ. ಆನ್‌ಲೈನ್ ಹಾಗೂ ವಿದೇಶಿ ಪಾವತಿಯನ್ನು ಬ್ಯಾಂಕಿಗೆ ಹೇಳಿಯೋ ಆ್ಯಪ್‌ನಲ್ಲೋ ನಾವೇ ತೆರೆಸಬೇಕು. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಆದರೆ ಒಳ್ಳೆಯದು. (ಈ 'ವೀಸಾ' ಬೇರೆ, ಪಾಪ, ಆ ತಾಯಿ ಎರಡನ್ನೂ ಒಂದೇ ಎಂದುಕೊಂಡಿದ್ದರು!) ಯೂರೋ ದರದ ಮೇಲೆ ಬ್ಯಾಂಕು ತನ್ನ ಶುಲ್ಕವನ್ನೂ ಸೇರಿಸುತ್ತದೆ. ಓಟಿಪಿ ಬರುವುದು ಊರಿನ ಸಿಮ್‌ಗೆ. ರೋಮಿಂಗ್ ಇಲ್ಲದೆ ಅಲ್ಲಿ ಹೋಗಿ ಕುಳಿತರೆ ಅದು ಬಾರದು. ಹೊರಡುವ ಮುಂಚೆಯೇ ಟಿಕೆಟ್ ತೆಗೆದು, ಎರಡು ಪ್ರತಿ ಪ್ರಿಂಟ್ ಮಾಡಿಸಿ, ಒಂದನ್ನು ಅಮ್ಮನ ಬ್ಯಾಗಿನಲ್ಲಿಡಿ.

ಇನ್ನೊಂದು ಮಾತು. ಅಸ್ಸೀಸಿ ಊರು ಬೆಟ್ಟದ ಮೇಲೆ, ನಿಲ್ದಾಣ ಕೆಳಗೆ, ನಡುವೆ ಬಸ್ಸಿದೆ. ಸಂತ ಫ್ರಾನ್ಸಿಸರು 1226ರಲ್ಲಿ ಪ್ರಾಣಬಿಟ್ಟ ಪೊರ್ಜಿಯುಂಕೊಲಾ ಇರುವ ದೊಡ್ಡ ದೇವಾಲಯ ನಿಲ್ದಾಣದ ಕಡೆಯೇ ಇದೆ, ನಡೆದೇ ಹೋಗಬಹುದು. ಮಗಳ ಕಾನ್ವೆಂಟ್ ಮೇಲಿದೆಯೋ ಕೆಳಗಿದೆಯೋ ಎಂದು ಫೋನಿನಲ್ಲಿ ಮೊದಲೇ ಕೇಳಿಕೊಳ್ಳಿ.