ಗಾಬರಿಯೆಂಬ ಹುಸಿ ಎಚ್ಚರಿಕೆ

ವಿಜಯನಗರದ ಗೃಹಿಣಿಯೊಬ್ಬರು ಮೆಜೆಸ್ಟಿಕ್ಕಿಗೆ ಹೊರಟಿದ್ದಾರೆ ಎಂದಿಟ್ಟುಕೊಳ್ಳೋಣ. ಮೆಟ್ರೋ ರೈಲು ಮಾಗಡಿ ರಸ್ತೆಯ ನಿಲ್ದಾಣವನ್ನು ಬಿಟ್ಟು ಸುರಂಗವನ್ನು ಹೊಕ್ಕಿತು. ಇದ್ದಕ್ಕಿದ್ದಂತೆ ಆಕೆಯ ಎದೆ ಡವಡವನೆ ಹೊಡೆದುಕೊಂಡಿತು, ಉಸಿರು ಕಟ್ಟಿದಂತಾಯಿತು, ಅಂಗೈ ಬೆವತಿತು. ‘ಪ್ರಾಣವೇ ಹೋಯಿತು’ ಎನ್ನಿಸಿತು. ಸ್ವಲ್ಪ ಹೊತ್ತಿನಲ್ಲಿ ಎಲ್ಲವೂ ಶಾಂತ. ವೈದ್ಯರು ಪರೀಕ್ಷಿಸಿ, ಹೃದಯದಲ್ಲಿ ದೋಷವಿಲ್ಲವೆಂದರು. ಅತ್ತೆಯವರು ದೃಷ್ಟಿ ನಿವಾಳಿಸಿದರು. ಪತಿ, ‘ಎಲ್ಲ ನಿನ್ನ ಭ್ರಮೆ’ ಎಂದು ನಕ್ಕುಬಿಟ್ಟರು. ಆಕೆ ಮತ್ತೆ ರೈಲು ಹತ್ತಲಿಲ್ಲ. ಕ್ರಮೇಣ ಬೀದಿಯ ಕೊನೆಯ ತರಕಾರಿ ಅಂಗಡಿಗೂ ಒಬ್ಬರೇ ಹೋಗದಂತಾಯಿತು.

ಇದು ಭ್ರಮೆಯೂ ಅಲ್ಲ, ಹೇಡಿತನವೂ ಅಲ್ಲ. ಭಯವು ಪ್ರಕೃತಿ ನಮಗೆ ಕೊಟ್ಟಿರುವ ಕಾವಲುಗಾರ. ಅಪಾಯ ಕಂಡೊಡನೆ ಅಡ್ರಿನಲಿನ್ ರಕ್ತಕ್ಕೆ ಸೇರಿ, ಓಡಲು ದೇಹವನ್ನು ಅಣಿಮಾಡುತ್ತದೆ. ಅಪಾಯವಿಲ್ಲದಾಗಲೂ ಕಾವಲುಗಾರ ಕೂಗಿಕೊಂಡರೆ ಅದೇ ಗಾಬರಿಯ ವ್ಯಾಧಿ. ಆಗ ಅವಸರದಿಂದ ಉಸಿರಾಡುವುದರಿಂದ ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ತಗ್ಗಿ, ತಲೆ ತಿರುಗಿ, ಬೆರಳುಗಳು ಜುಮ್ಮೆನ್ನುತ್ತವೆ; ಭಯ ಇಮ್ಮಡಿಸುತ್ತದೆ. ಅಂಜಿದ ಸ್ಥಳದಿಂದ ದೂರವಿದ್ದಷ್ಟೂ ಅಂಜಿಕೆ ಬೇರೂರುತ್ತದೆ.

ಇದಕ್ಕೆ ಮದ್ದಿಲ್ಲವೆ? ಖಂಡಿತವಾಗಿ ಇದೆ. ಥೈರಾಯಿಡ್ ಗ್ರಂಥಿಯ ದೋಷ, ರಕ್ತಹೀನತೆ, ಅತಿಯಾದ ಕಾಫಿ ಇವುಗಳಿಂದಲೂ ಎದೆ ಬಡಿತ ಹೆಚ್ಚಬಹುದಾದ್ದರಿಂದ ದೇಹಪರೀಕ್ಷೆ ಮೊದಲು. ಬಳಿಕ ಮನೋಚಿಕಿತ್ಸೆ. ಇದರಲ್ಲಿ ಮುಖ್ಯವಾದುದು ಆಲೋಚನೆಯನ್ನೂ ನಡವಳಿಕೆಯನ್ನೂ ತಿದ್ದುವ ವಿಧಾನ. ‘ಎದೆ ಬಡಿದರೆ ಸಾವು’ ಎಂಬ ನಂಬಿಕೆಯನ್ನು ಚಿಕಿತ್ಸಕರು ರೋಗಿಯೊಡನೆ ಕುಳಿತು ಒರೆಗೆ ಹಚ್ಚುತ್ತಾರೆ. ಅನಂತರ ಮೆಟ್ಟಿಲು ಮೆಟ್ಟಿಲಾಗಿ ಭಯವನ್ನು ಎದುರಿಸುವ ಅಭ್ಯಾಸ: ಮೊದಲು ನಿಲ್ದಾಣದವರೆಗೆ ನಡೆಯುವುದು, ಮತ್ತೊಂದು ದಿನ ಹೊಸಹಳ್ಳಿಯವರೆಗೆ ಪಯಣ, ಮುಂದೆ ಮಾಗಡಿ ರಸ್ತೆ, ಕಡೆಗೆ ಆ ಸುರಂಗ. ಓಡಿಹೋಗದೆ ನಿಂತರೆ ಗಾಬರಿ ತಾನಾಗಿ ಇಳಿಯುವುದೆಂಬುದನ್ನು ಮನಸ್ಸು ಅನುಭವದಿಂದಲೇ ಕಲಿಯಬೇಕು.

ಕೆಲವರಿಗೆ ಔಷಧವೂ ಬೇಕಾಗುತ್ತದೆ. ಸರ್ಟ್ರಲಿನ್, ಎಸ್ಸಿಟಲೊಪ್ರಾಮ್ ಮುಂತಾದ ಮಾತ್ರೆಗಳು ಗುಣ ತೋರಲು ಕೆಲವು ವಾರಗಳು ಹಿಡಿಯುತ್ತವೆ. ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ತಕ್ಷಣ ಶಮನ ನೀಡುವ ಆಲ್‌ಪ್ರಜೊಲಾಮ್‌ನಂಥ ಮಾತ್ರೆಗಳು ಚಟವಾಗಬಲ್ಲವು. ನೆರೆಮನೆಯವರ ಚೀಟಿ ತೋರಿಸಿ ತಂದು ನುಂಗುವುದಂತೂ ಸಲ್ಲದು. ಯೋಗ, ನಿಧಾನವಾದ ಉಸಿರಾಟ ಇವು ಒತ್ತಾಸೆಯಾಗಬಲ್ಲವು.

ಬೆಂಗಳೂರಿನವರು ಈ ವಿಷಯದಲ್ಲಿ ಭಾಗ್ಯವಂತರು. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಇಲ್ಲಿಯೇ ಆರಂಭವಾಯಿತು. 1974ರಲ್ಲಿ ಅದೂ ಹಳೆಯ ಸರ್ಕಾರಿ ಮಾನಸಿಕ ಆಸ್ಪತ್ರೆಯೂ ಕೂಡಿ ನಿಮ್ಹಾನ್ಸ್ ಆಯಿತು. ಹೊಸೂರು ರಸ್ತೆಯ ಆ ಹೆಸರು ಕೇಳಿದೊಡನೆ ‘ಹುಚ್ಚಾಸ್ಪತ್ರೆ’ ಎಂದು ಹಿಂಜರಿಯುವ ಕಾಲ ಹೋಗಬೇಕು. ಕೆಂಗೇರಿ, ರಾಜಾಜಿನಗರಗಳಿಂದ ಅಷ್ಟು ದೂರ ಹೋಗಲಾರದವರಿಗೆ 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಇದೆ. 14416ಕ್ಕೆ ದೂರವಾಣಿ ಮಾಡಿದರೆ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ.

ಮನೆಯವರ ಪಾತ್ರವೂ ಸಣ್ಣದಲ್ಲ. ಮೂದಲಿಕೆ ಬೇಡ; ಎಲ್ಲ ಕೆಲಸವನ್ನೂ ತಾವೇ ಮಾಡಿಕೊಟ್ಟು ರೋಗಿಯನ್ನು ಮನೆಯಲ್ಲೇ ಕೂರಿಸುವ ಅತಿಮಮತೆಯೂ ಬೇಡ. ‘ನಿಲ್ದಾಣದವರೆಗೆ ನಾನೂ ಬರುತ್ತೇನೆ, ನಡೆ’ ಎಂದು ಪತಿ ಚಪ್ಪಲಿ ಮೆಟ್ಟಿ ನಿಂತರೆ, ಗುಣದ ಮೊದಲ ಮೆಟ್ಟಿಲು ಅದೇ.